ಎಷ್ಟು ಸಹಾಯ ಮಾಡಬೇಕು, ಎಲ್ಲಿ ಸುಮ್ಮನಿರಬೇಕು? ವಯಸ್ಸಾದವರ ಸ್ವಾವಲಂಬನೆಯ ಲೆಕ್ಕ

ಒಂದು ಸಣ್ಣ ಪರೀಕ್ಷೆ ಇದೆ. ಅದಕ್ಕೆ ಬೇಕಾಗಿರುವುದು ಗಟ್ಟಿಯಾದ ಒಂದು ಕುರ್ಚಿ, ಒಂದು ಗಡಿಯಾರ, ಪಕ್ಕದಲ್ಲಿ ನಿಲ್ಲಲು ಒಬ್ಬರು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಏನನ್ನೂ ಹಿಡಿಯದೆ, ಐದು ಸಲ ಎದ್ದು ಕೂರಬೇಕು. 14 ಸೆಕೆಂಡಿನೊಳಗೆ ಮುಗಿಯದಿದ್ದರೆ ಆ ವ್ಯಕ್ತಿಯ ಓಡಾಟದ ಶಕ್ತಿಯನ್ನು ಇನ್ನೂ ಸರಿಯಾಗಿ ಪರೀಕ್ಷಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಇದನ್ನು ಓದಿದ ದಿನ ನಾನೂ ಮಾಡಿ ನೋಡಿದೆ. ಎಷ್ಟು ಸೆಕೆಂಡ್ ಆಯಿತು ಅಂತ ಮಾತ್ರ ಕೇಳಬೇಡಿ.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಇರುವಾಗ ಕುರ್ಚಿ ಯಾಕೆ? ದಿನದ ಎಷ್ಟೋ ಕೆಲಸಗಳು ಏಳುವುದರಿಂದಲೇ ಶುರುವಾಗುತ್ತವೆ. ಬಾಗಿಲು ಬಡಿದರೆ ಏಳಬೇಕು. ಶೌಚಕ್ಕೆ ಹೋಗಲು ಏಳಬೇಕು, ಅಲ್ಲಿ ಕೂತ ಮೇಲೆ ಮತ್ತೆ ಏಳಬೇಕು. ಬಸ್ಸಿನ ಸೀಟಿನಿಂದ ನಿಲ್ದಾಣ ಬರುವ ಮೊದಲು ಏಳಬೇಕು. ಬಿಪಿ, ಸಕ್ಕರೆ ಎಲ್ಲ ಸರಿಯಾಗಿದ್ದು ಕುರ್ಚಿಯಿಂದ ಏಳಲಾಗದ ಮನುಷ್ಯನ ಬದುಕು ಬೇರೆಯವರ ಕೈಯಲ್ಲಿರುತ್ತದೆ. ನಾಲ್ಕು ಕಾಯಿಲೆ ಇಟ್ಟುಕೊಂಡೂ ತನ್ನ ಪಾಡಿಗೆ ಎದ್ದು ಓಡಾಡುವವರ ಬದುಕು ಅವರ ಕೈಯಲ್ಲೇ ಇರುತ್ತದೆ.

ಹಾಗಾಗಿ ವಯಸ್ಸಾದವರ ವಿಷಯದಲ್ಲಿ "ಏನು ಕಾಯಿಲೆ?" ಎಂಬ ಪ್ರಶ್ನೆಯ ಜೊತೆಗೇ "ಏನು ಮಾಡಿಕೊಳ್ಳುತ್ತಾರೆ?" ಎಂದೂ ಕೇಳಬೇಕು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರದಿಯಲ್ಲಿ ಆರೋಗ್ಯವಂತ ಮುಪ್ಪು ಎಂದರೆ ಏನು ಅಂತ ಹೇಳಿದ್ದೂ ಹೀಗೆಯೇ. ಕಾಯಿಲೆ ಇಲ್ಲದಿರುವುದು ಅಂತ ಅದು ಹೇಳಲಿಲ್ಲ. ತನಗೆ ಮುಖ್ಯ ಅನಿಸಿದ್ದನ್ನು ಮಾಡಲು ಆಗುವುದು ಎಂದಿತು. ಆ ಶಕ್ತಿಗೆ ಎರಡು ಭಾಗ. ಒಂದು, ಮೈಯಲ್ಲಿ ಮತ್ತು ಮನಸ್ಸಿನಲ್ಲಿ ಇರುವ ಕಸುವು. ಇನ್ನೊಂದು, ಸುತ್ತಲಿನ ಪರಿಸರ: ಮನೆ, ರಸ್ತೆ, ಜನ, ಸೇವೆಗಳು.

ಒಂದೇ ಮಂಡಿನೋವು ಇರುವ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬರ ಮನೆ ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿದೆ. ಇನ್ನೊಬ್ಬರದು ನೆಲದ ಮಟ್ಟದಲ್ಲಿದೆ, ಬಾಗಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆ. ಮೊದಲನೆಯವರು ತಿಂಗಳಿಗೊಮ್ಮೆ ಹೊರಗೆ ಬರುತ್ತಾರೆ, ಎರಡನೆಯವರು ದಿನಾ. ಇಬ್ಬರ ಮಂಡಿಯೂ ಒಂದೇ. ಇದರಿಂದ ನಮಗೊಂದು ಉಪಯೋಗ ಇದೆ. ಮಂಡಿಯನ್ನು ಪೂರ್ತಿ ಸರಿ ಮಾಡಲಾಗದಿದ್ದರೂ ಇನ್ನೊಂದು ಕಡೆಯಿಂದ ಸರಿ ಮಾಡಬಹುದು.

ಅಂದಮೇಲೆ ಸ್ವಾವಲಂಬನೆ ಎಂದರೆ ಯಾರ ಸಹಾಯವೂ ಇಲ್ಲದೆ ಬದುಕುವುದಲ್ಲ. ಹಾಗೆ ಯಾರೂ ಬದುಕುವುದಿಲ್ಲ. ನಾನು ಕನ್ನಡಕ ಇಲ್ಲದೆ ಈ ಸಾಲು ಬರೆಯಲಾರೆ. ತನ್ನ ದಿನ ಹೇಗಿರಬೇಕು ಅಂತ ತಾನೇ ತೀರ್ಮಾನಿಸುವುದು, ಅದಕ್ಕೆ ಬೇಕಾದಷ್ಟೇ ಸಹಾಯ ಸಿಗುವುದು, ಇದು ಸ್ವಾವಲಂಬನೆ. ಇದರಲ್ಲಿ ಕಷ್ಟ ಇರುವುದು "ಬೇಕಾದಷ್ಟೇ" ಎಂಬ ಮಾತಿನಲ್ಲಿ.

ಮೊದಲು ಕೈತಪ್ಪುವುದು ಯಾವುದು?

1963ರಲ್ಲಿ ಸಿಡ್ನಿ ಕ್ಯಾಟ್ಜ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ಜೊತೆಗಾರರು ಆರು ಕೆಲಸಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರ ಹಿಡಿದಿಟ್ಟುಕೊಳ್ಳುವುದು, ಊಟ ಮಾಡುವುದು. ಇವು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಕೈತಪ್ಪುತ್ತವೆ ಎಂದು ಅವರು ಗಮನಿಸಿದರು. ಮೊದಲು ಹೋಗುವುದು ಸ್ನಾನ, ಕೊನೆಗೆ ಹೋಗುವುದು ಊಟ. ಚೇತರಿಸಿಕೊಳ್ಳುವಾಗ ಇದೇ ಕ್ರಮ ಹಿಂದುಮುಂದಾಗುತ್ತದೆ. ಮಗು ಒಂದೊಂದೇ ಕಲಿಯುವ ಹಾಗೆ.

ಆದರೆ ಈ ಆರಕ್ಕಿಂತ ಮುಂಚೆ ಇನ್ನೊಂದು ಪಟ್ಟಿ ಸದ್ದಿಲ್ಲದೆ ಸವೆಯುತ್ತಿರುತ್ತದೆ. ಅದನ್ನು 1969ರಲ್ಲಿ ಲಾಟನ್ ಮತ್ತು ಬ್ರೋಡಿ ಬರೆದಿಟ್ಟರು. ಫೋನ್ ಮಾಡುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆಗಳ ಲೆಕ್ಕ, ಹಣಕಾಸು. ಒಮ್ಮೆ ಈ ಎಂಟನ್ನೂ ನಿಧಾನವಾಗಿ ಓದಿ. ಅರ್ಧದಷ್ಟಾದರೂ ಮನೆಯ ಹೊರಗಿನ ಜಗತ್ತಿಗೆ ಸಂಬಂಧಿಸಿದವು, ಅಲ್ವಾ? ಸಾಮಾನ್ಯವಾಗಿ ಮೊದಲು ಕಳೆದುಹೋಗುವುದು ಹೊರಗಿನ ಲೋಕ. ಬಚ್ಚಲು ಕಷ್ಟವಾಗುವುದು ಆಮೇಲೆ.

ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಎರಡನೆಯದು. ಸ್ನಾನಕ್ಕೆ ಸಹಾಯ ಬೇಕು ಅಂದಾಗ ಮನೆಯವರೆಲ್ಲ ಎಚ್ಚೆತ್ತುಕೊಳ್ಳುತ್ತೇವೆ. ಬ್ಯಾಂಕಿಗೆ ಹೋಗುವುದು ನಿಂತು ವರ್ಷವಾಗಿದ್ದರೆ "ವಯಸ್ಸಾಯ್ತು, ಮನೇಲಿ ಇರಲಿ ಬಿಡು" ಅಂದಿರುತ್ತೇವೆ. ಸಹಾಯಕ್ಕೆ ಮುಂದಾಗಬೇಕಾಗಿದ್ದು ಆಗಲೇ.

ಹಾಸಿಗೆ ಹಿಡಿಯುವುದು, ಹಿಡಿಸುವುದು

"ಹಾಸಿಗೆ ಹಿಡಿದರು" ಅನ್ನುತ್ತೇವೆ. ಎಷ್ಟೋ ಸಲ ನಾವೇ ಹಿಡಿಸಿರುತ್ತೇವೆ.

1935ರಲ್ಲಿ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಾರ್ಜರಿ ವಾರನ್ ಎಂಬ ವೈದ್ಯೆಗೆ ಹಳೆಯ ಬಡವರ ಆಸ್ಪತ್ರೆಯ ವಾರ್ಡುಗಳ ಹೊಣೆ ಬಂತು. ನೂರಾರು ವಯಸ್ಸಾದವರು ಅಲ್ಲಿ ವರ್ಷಗಟ್ಟಲೆ ಮಲಗಿದ್ದರು. ಇನ್ನೇನೂ ಮಾಡಲಾಗದವರು ಎಂದು ಎಲ್ಲರೂ ಕೈಬಿಟ್ಟಿದ್ದರು. ವಾರನ್ ಒಬ್ಬೊಬ್ಬರನ್ನೇ ಕೂತು ಪರೀಕ್ಷಿಸಿದರು. ಯಾರಿಗೆ ಏನು ತೊಂದರೆ, ಯಾರು ಸುಮ್ನೆ ಮಲಗಿದ್ದಾರೆ ಅಂತ ಬೇರೆ ಬೇರೆ ಮಾಡಿದರು. ಎಬ್ಬಿಸಿ ಕೂರಿಸಿದರು, ನಿಲ್ಲಿಸಿದರು, ನಡೆಸಿದರು. ಕತ್ತಲೆ ವಾರ್ಡಿಗೆ ಬಣ್ಣ, ಬೆಳಕು ತಂದರು. ಎಷ್ಟೋ ಮಂದಿ ಎದ್ದು ಮನೆಗೆ ಹೋದರು. ವೃದ್ಧರ ವೈದ್ಯಶಾಸ್ತ್ರ ಎಂದು ಇವತ್ತು ಕರೆಯುವ ವಿಭಾಗಕ್ಕೆ ಬ್ರಿಟನ್ನಿನಲ್ಲಿ ಬುನಾದಿ ಬಿದ್ದಿದ್ದು ಹೀಗೆ.

ಮಲಗಿದರೆ ಏನಾಗುತ್ತದೆ ಎಂಬುದಕ್ಕೆ ಈಗ ಅಳತೆಯೂ ಇದೆ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಯಾವ ಕಾಯಿಲೆಯೂ ಇರಲಿಲ್ಲ, ಸುಮ್ಮನೆ ಮಲಗಿದ್ದು ಅಷ್ಟೆ. ಹತ್ತು ದಿನಕ್ಕೆ ಕಾಲುಗಳ ಮಾಂಸಖಂಡ ಸರಾಸರಿ ಹತ್ತಿರ ಹತ್ತಿರ ಒಂದು ಕಿಲೋ ಕರಗಿತ್ತು. ಹರೆಯದಲ್ಲಿ ಇಷ್ಟು ಕಳೆದುಕೊಂಡರೂ ನಡೆಯುತ್ತದೆ, ಕೈಯಲ್ಲಿ ಉಳಿತಾಯ ಇರುತ್ತದೆ. ಎಂಬತ್ತರಲ್ಲಿ ಉಳಿತಾಯ ತೆಳುವಾಗಿರುತ್ತದೆ. ಕುರ್ಚಿಯಿಂದ ಏಳಲು ಬೇಕಾದ ಶಕ್ತಿಗೂ ಕಾಲಲ್ಲಿ ಇರುವ ಶಕ್ತಿಗೂ ಕೂದಲೆಳೆಯ ಅಂತರ ಇರುತ್ತದೆ. ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ಬಂದರೆ ಆ ಗೆರೆಯ ಕೆಳಗೆ ಜಾರಿಬಿಡುತ್ತಾರೆ. "ಜ್ವರ ಬಂದು ಹೋಯ್ತು, ಆದರೆ ಅಲ್ಲಿಂದ ಏಳಲೇ ಇಲ್ಲ" ಎಂಬ ಮಾತು ಕೇಳಿರುತ್ತೀರಿ. ಎಷ್ಟೋ ಮನೆಗಳಲ್ಲಿ ಕಾರಣ ಜ್ವರಕ್ಕಿಂತ ಜಾಸ್ತಿ ಮಂಚ.

ಹಾಗಾಗಿ ಆಸ್ಪತ್ರೆಗೆ ಸೇರಿಸಿದ ದಿನವೇ ಕೇಳಬೇಕಾದ ಪ್ರಶ್ನೆ: ಯಾವಾಗಿನಿಂದ ಎಬ್ಬಿಸಿ ಕೂರಿಸಬಹುದು? ನಾಲ್ಕು ಹೆಜ್ಜೆ ನಡೆಸಬಹುದಾ? ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮೆಷಿನ್ನು ಜೊತೆಗೆ ತಂದಿದ್ದೀವಾ? ನಮ್ಮ ಮನೆಯವರೊಬ್ಬರನ್ನು ಒಮ್ಮೆ ಆಸ್ಪತ್ರೆಗೆ ಸೇರಿಸಿದಾಗ ಕಿವಿ ಮೆಷಿನ್ನು ಮನೆಯಲ್ಲೇ ಉಳಿದಿತ್ತು. ಎರಡು ದಿನ ಅವರನ್ನು ಎಲ್ಲರೂ ಗೊಂದಲಕ್ಕೆ ಬಿದ್ದವರು ಅಂದುಕೊಂಡರು. ಅವರಿಗೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ಕಳೆದ ಕಸುವು ವಾಪಸ್ ಬರುತ್ತದಾ? ಬರುತ್ತದೆ, ಊಹಿಸಿದ್ದಕ್ಕಿಂತ ಜಾಸ್ತಿ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಆರೈಕೆ ಕೇಂದ್ರದಲ್ಲಿದ್ದ, ಸುಮಾರು 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕೊನೆಯವರೆಗೂ ಮಾಡಿದವರ ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರಲ್ಲೂ ಮಾಂಸಖಂಡಕ್ಕೆ ಕಲಿಯುವ ಆಸೆ ಇರುತ್ತದೆ ಅಂತಾಯ್ತು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆಯಿಂದಿರಬೇಕು, ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬರೀ ವಾಕಿಂಗ್ ಸಾಲುವುದಿಲ್ಲ ಎಂಬುದು ಇದರ ಸಾರ. ಹೃದಯದ ತೊಂದರೆಯೋ ಇತ್ತೀಚಿನ ಆಪರೇಷನ್ನೋ ಇದ್ದರೆ ವೈದ್ಯರನ್ನು ಕೇಳಿ ಶುರು ಮಾಡಬೇಕು, ಅದು ಬೇರೆ ಮಾತು.

ಬೀಳುವುದಕ್ಕಿಂತ ಬೀಳುವ ಭಯ

ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವರಲ್ಲಿ ಹೆಚ್ಚಿನವರು 60 ದಾಟಿದವರು. ಆದರೆ ಬಿದ್ದು ಏನೂ ಆಗದೆ ಎದ್ದವರಿಗೂ ಒಂದು ಪೆಟ್ಟು ಬಿದ್ದಿರುತ್ತದೆ. ಅದು ಹೊರಗೆ ಕಾಣುವುದಿಲ್ಲ. ಮತ್ತೆ ಬಿದ್ದರೆ ಎಂಬ ಭಯಕ್ಕೆ ಓಡಾಟ ಕಡಿಮೆ ಮಾಡುತ್ತಾರೆ. ಓಡಾಟ ಕಡಿಮೆಯಾದರೆ ಕಾಲು ಸೋಲುತ್ತದೆ. ಕಾಲು ಸೋತರೆ ಬೀಳುವ ಸಾಧ್ಯತೆ ಹೆಚ್ಚುತ್ತದೆ. ಇದಕ್ಕೆ ಮನೆಯವರ ಭಯವೂ ಸೇರುತ್ತದೆ. "ಏಳ್ಬೇಡಿ, ಬಿದ್ದೀರಾ, ನಾನು ತಂದುಕೊಡ್ತೀನಿ." ಪ್ರೀತಿಯಿಂದ ಆಡಿದ ಮಾತೇ, ಸಂಶಯ ಇಲ್ಲ. ದಿನಕ್ಕೆ ಹತ್ತು ಸಲ ಅಂದರೆ ಹತ್ತು ಸಲ ಏಳುವ ವ್ಯಾಯಾಮ ತಪ್ಪಿತು.

ಬೀಳುವುದಕ್ಕೆ ಒಂದೇ ಕಾರಣ ಇರುವುದು ಅಪರೂಪ. ರಾತ್ರಿ ಎರಡು ಗಂಟೆಯ ಒಂದು ಘಟನೆಯನ್ನು ಬಿಡಿಸಿ ನೋಡೋಣ. ನಿದ್ದೆ ಮಾತ್ರೆ ತೆಗೆದುಕೊಂಡು ಮಲಗಿದ್ದಾರೆ. ಮೂತ್ರಕ್ಕೆ ಅವಸರವಾಗಿ ಎದ್ದಿದ್ದಾರೆ. ಥಟ್ಟನೆ ಎದ್ದುನಿಂತಾಗ ಬಿಪಿ ಇಳಿಯುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಇನ್ನೂ ಜಾಸ್ತಿ ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ನೋಡುತ್ತಾರೆ. ತಲೆ ತಿರುಗಿದ ಹಾಗಾಗುತ್ತದೆ. ದೀಪದ ಸ್ವಿಚ್ಚು ಬಾಗಿಲ ಹತ್ತಿರ ಇದೆ, ಮಂಚದ ಹತ್ತಿರ ಇಲ್ಲ. ಕಾಲಿಗೆ ಸಿಕ್ಕಿದ್ದು ಮಡಚಿಕೊಂಡ ಕಾಲೊರಸು. ಬೆಳಿಗ್ಗೆ ನಾವು ಹೇಳುವುದು: "ಕಾಲೊರಸು ಎಡವಿ ಬಿದ್ದರು."

ಕಾಲೊರಸು ತೆಗೆಯುವುದು ಸರಿ, ತೆಗೆಯಿರಿ. ಆದರೆ ಮೇಲಿನ ಸರಪಳಿಯಲ್ಲಿ ಎಲ್ಲಿ ಬೇಕಾದರೂ ಒಂದು ಕೊಂಡಿ ಕಳಚಬಹುದಿತ್ತು. ಮಂಚದ ಪಕ್ಕ ಒಂದು ಸಣ್ಣ ದೀಪ ಇಡಬಹುದಿತ್ತು. ಎದ್ದ ಕೂಡಲೇ ನಡೆಯದೆ ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂರುವ ಅಭ್ಯಾಸ ಮಾಡಿಸಬಹುದಿತ್ತು. ಶೌಚಾಲಯದಲ್ಲಿ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕಂಬಿ ಹಾಕಬಹುದಿತ್ತು. ಟವೆಲ್ ಹಾಕುವ ಕಂಬಿ ಆ ಕೆಲಸಕ್ಕೆ ಆಗುವುದಿಲ್ಲ, ಮನುಷ್ಯನ ಭಾರಕ್ಕೆ ಕಿತ್ತು ಬರುತ್ತದೆ. ಎಲ್ಲಕ್ಕಿಂತ ಮೊದಲು ಮಾತ್ರೆಗಳನ್ನು ನೋಡಿಸಬಹುದಿತ್ತು.

ಮಾತ್ರೆಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಬ್ಬ ವೈದ್ಯರು ಬಿಪಿಗೆ, ಇನ್ನೊಬ್ಬರು ನೋವಿಗೆ, ಮತ್ತೊಬ್ಬರು ನಿದ್ದೆಗೆ ಕೊಟ್ಟಿರುತ್ತಾರೆ. ನೋವಿನ ಮಾತ್ರೆಯಿಂದ ಕಾಲು ಊದಿಕೊಂಡರೆ ಅದಕ್ಕೊಂದು ಮಾತ್ರೆ ಬರುತ್ತದೆ. ಅದರಿಂದ ಮೂತ್ರ ಹೆಚ್ಚಾದರೆ ಇನ್ನೊಂದು. ಐದೋ ಅದಕ್ಕಿಂತ ಹೆಚ್ಚೋ ಔಷಧಿ ನಡೆಯುತ್ತಿದ್ದರೆ ಪರಸ್ಪರ ಏಟು ಕೊಡುವ ಸಾಧ್ಯತೆ ಹೆಚ್ಚು. ವಯಸ್ಸಾದ ಮೇಲೆ ಕಿಡ್ನಿ ನಿಧಾನವಾಗುವುದರಿಂದ ಹಿಂದೆ ಸರಿಹೋಗುತ್ತಿದ್ದ ಪ್ರಮಾಣವೇ ಈಗ ಅತಿಯಾಗಬಹುದು. ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಿಗಳ ಒಂದು ಪಟ್ಟಿಯನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲೇ ಮಾಡಿದ್ದರು. ಅದು ಈಗಲೂ ಪರಿಷ್ಕಾರ ಆಗುತ್ತಿದೆ, ಅದರಲ್ಲಿ ಎಷ್ಟೋ ನಿದ್ದೆ ಮಾತ್ರೆಗಳಿವೆ. ಮನೆಯಲ್ಲಿ ಮಾಡಬಹುದಾದ್ದು ಒಂದೇ. ಎಲ್ಲ ಡಬ್ಬಿ, ಎಲ್ಲ ಸ್ಟ್ರಿಪ್ಪು ಒಂದೇ ಚೀಲಕ್ಕೆ ತುಂಬಿ ಒಬ್ಬ ವೈದ್ಯರ ಮುಂದೆ ಸುರಿಯಿರಿ, "ಇದರಲ್ಲಿ ಯಾವುದು ಈಗಲೂ ಬೇಕು?" ಅಂತ ಕೇಳಿ. ನಾವೇ ನಿಲ್ಲಿಸುವ ಹಾಗಿಲ್ಲ. ಕೆಲವನ್ನು ಏಕಾಏಕಿ ನಿಲ್ಲಿಸುವುದು ಅಪಾಯ.

ಬಾಗಿಲಿನಿಂದ ಆಚೆ

ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆಯ ವೇಗ ಅಳೆದು 2012ರಲ್ಲಿ ಪ್ರಕಟಿಸಿದರು. ಸರಾಸರಿ ಗಂಡಸರದು ಸೆಕೆಂಡಿಗೆ 0.9 ಮೀಟರ್, ಹೆಂಗಸರದು 0.8 ಮೀಟರ್. ಅಲ್ಲಿ ರಸ್ತೆ ದಾಟುವ ಸಿಗ್ನಲ್ ಲೆಕ್ಕ ಹಾಕಿದ್ದು 1.2 ಮೀಟರ್‌ಗೆ. 12 ಮೀಟರ್ ಅಗಲದ ರಸ್ತೆ ಇಟ್ಟುಕೊಳ್ಳಿ. ಸಿಗ್ನಲ್ ಕೊಡುವುದು 10 ಸೆಕೆಂಡ್, 0.8ರ ವೇಗದಲ್ಲಿ ನಡೆಯುವ ಅಜ್ಜಿಗೆ ಬೇಕಾಗುವುದು 15. ಉಳಿದ 5 ಸೆಕೆಂಡು ಅವರು ರಸ್ತೆಯ ನಡುವೆ ಇರುತ್ತಾರೆ. ಒಮ್ಮೆ ಹಾಗಾದರೆ ಇನ್ನೊಮ್ಮೆ ಆಚೆ ದಡದ ಕ್ಲಿನಿಕ್ಕಿಗೆ ಹೋಗುವ ಧೈರ್ಯ ಎಲ್ಲಿಂದ ಬರಬೇಕು? ಸಿಂಗಪುರದವರು 2009ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಜಾಸ್ತಿ ಉರಿಯುತ್ತದೆ. ಮನುಷ್ಯನನ್ನು ಓಡಿಸುವ ಬದಲು ದೀಪವನ್ನು ಕಾಯಿಸಿದರು.

ಸೇವೆ "ಇದೆ" ಅನ್ನುವುದಕ್ಕೂ ಅದು ಮುಟ್ಟುತ್ತದೆ ಅನ್ನುವುದಕ್ಕೂ ನಡುವೆ ಇಂಥ ಸಣ್ಣ ಸಣ್ಣ ಗೋಡೆಗಳಿರುತ್ತವೆ. ಕಚೇರಿಯ ಮುಂದೆ ಕಂಬಿ ಇಲ್ಲದ ನಾಲ್ಕು ಮೆಟ್ಟಿಲು. ಕೂರಲು ಬೆಂಚಿಲ್ಲದ ಸಾಲು. ಗಾಜಿನ ಹಿಂದಿನಿಂದ ಗೊಣಗುವ ಕೌಂಟರು, ಕಿವಿ ಮಂದವಾದವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. 30 ಸೆಕೆಂಡಿಗೆ ಸತ್ತುಹೋಗುವ ಓಟಿಪಿ. ವಯಸ್ಸಾದಂತೆ ಬೆರಳಿನ ಗೆರೆ ಸವೆದು, ಚರ್ಮ ಒಣಗಿ, ಬೆರಳಚ್ಚಿನ ಯಂತ್ರ ಗುರುತು ಹಿಡಿಯದೇ ಇರುವುದೂ ಉಂಟು. ಬದುಕಿಡೀ ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ "ಇದು ನೀವಲ್ಲ" ಅನ್ನುತ್ತದೆ. ಇಂಥ ಕಡೆ ಇನ್ನೊಂದು ದಾರಿ ಇರಲೇಬೇಕು: ಮನುಷ್ಯ ಕೂತ ಒಂದು ಕಿಟಕಿ, ಕಾಗದದ ಒಂದು ಅರ್ಜಿ, ಎತ್ತಿದರೆ ಮಾತಾಡುವ ಒಂದು ಫೋನು.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಶೌಚಾಲಯ. ದಾರಿಯಲ್ಲಿ ಶೌಚಾಲಯ ಸಿಗುವ ಭರವಸೆ ಇಲ್ಲದಿದ್ದರೆ ಮೂತ್ರ ತಡೆಯಲಾಗದ ಹಿರಿಯರು ಹೊರಡುವುದೇ ಇಲ್ಲ. ಹೊರಡಲೇಬೇಕಾದರೆ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನೀರು ಕಡಿಮೆಯಾದರೆ ಬಿಪಿ ಇಳಿಯುತ್ತದೆ, ತಲೆ ಸುತ್ತುತ್ತದೆ. ನಾಚಿಕೆಯಿಂದ ವೈದ್ಯರಿಗೂ ಹೇಳಿರುವುದಿಲ್ಲ. ಈ ತೊಂದರೆ ವಯಸ್ಸಿನ ಶಿಕ್ಷೆ ಅಲ್ಲ. ಸೋಂಕು, ಮಲಬದ್ಧತೆ, ಪ್ರಾಸ್ಟೇಟ್, ಯಾವುದೋ ಮಾತ್ರೆ ಹೀಗೆ ಹಿಂದೆ ಏನೋ ಕಾರಣ ಇರುತ್ತದೆ. ಎಷ್ಟೋ ಸಲ ಚಿಕಿತ್ಸೆ ಇದೆ, ಮೂತ್ರ ಬಿಗಿಹಿಡಿಯುವ ಸ್ನಾಯುಗಳ ವ್ಯಾಯಾಮದಿಂದಲೂ ಹಲವರಿಗೆ ಅನುಕೂಲ ಆಗುತ್ತದೆ.

2000ದಲ್ಲಿ ದೀರ್ಘಕಾಲದ ಆರೈಕೆಗೆ ವಿಮೆ ತಂದ ಜಪಾನ್, ಆಮೇಲೆ ಒಂದು ಸರಳ ಗುರಿ ಇಟ್ಟುಕೊಂಡಿತು. ವೈದ್ಯ, ಆರೈಕೆ, ದಿನನಿತ್ಯದ ನೆರವು ಎಲ್ಲವೂ ಮನೆಯಿಂದ ಸುಮಾರು 30 ನಿಮಿಷದ ಒಳಗೆ ಸಿಗಬೇಕು ಎಂದು. ನನಗೆ ಈ ಅಳತೆ ಇಷ್ಟ. ಎಷ್ಟು ಕೇಂದ್ರ ತೆರೆದೆವು ಎಂದು ಎಣಿಸುವ ಬದಲು, ಒಬ್ಬರ ಮನೆಬಾಗಿಲಲ್ಲಿ ನಿಂತು ಲೆಕ್ಕ ಶುರುಮಾಡುತ್ತದೆ.

ಮಾಡಿಕೊಡುವ ಸಹಾಯ, ಮಾಡಲು ಬಿಡುವ ಸಹಾಯ

ಹೆಚ್ಚಿನ ಕಡೆ ಸಹಾಯ ಕೇಳಿದರೆ ಒಬ್ಬರನ್ನು ಕಳಿಸುತ್ತಾರೆ. ಅವರು ಬಂದು ಸ್ನಾನ ಮಾಡಿಸುತ್ತಾರೆ, ಗುಡಿಸುತ್ತಾರೆ, ಹೋಗುತ್ತಾರೆ. ಮುಂದಿನ ವರ್ಷ ಇನ್ನೂ ಸ್ವಲ್ಪ ಜಾಸ್ತಿ ಸಹಾಯ ಬೇಕಾಗುತ್ತದೆ. ಡೆನ್ಮಾರ್ಕಿನ ಫ್ರೆಡರೀಸಿಯಾ ಎಂಬ ಊರಿನ ಆಡಳಿತ 2008ರಲ್ಲಿ ಇದನ್ನು ತಿರುಗಿಸಿತು. ಸಹಾಯ ಕೇಳಿದವರಿಗೆ ಮೊದಲ ಪ್ರಶ್ನೆ: ಯಾವ ಕೆಲಸವನ್ನು ಮತ್ತೆ ನೀವೇ ಮಾಡಿಕೊಳ್ಳಬೇಕು ಅಂತ ಆಸೆ ಇದೆ? ಆಮೇಲೆ ಕೆಲವು ವಾರ ತರಬೇತಿ ಇದ್ದವರು ಮನೆಗೇ ಬಂದು ಅದೇ ಬಚ್ಚಲಲ್ಲಿ, ಅದೇ ಮೆಟ್ಟಿಲಲ್ಲಿ ಅಭ್ಯಾಸ ಮಾಡಿಸುತ್ತಾರೆ. ಬೇಕಿದ್ದರೆ ಸ್ಟೂಲು, ಕಂಬಿ, ಉದ್ದ ಹಿಡಿಯ ಬ್ರಷ್ಷು ಸೇರಿಸುತ್ತಾರೆ. ಕೈಗೂಡದ ಕೆಲಸಕ್ಕೆ ಮಾತ್ರ ಕಾಯಂ ಸಹಾಯ. 2015ರಲ್ಲಿ ಆ ದೇಶದ ಕಾನೂನೇ ಮನೆಗೆಲಸದ ನೆರವಿಗಿಂತ ಮೊದಲು ಈ ದಾರಿ ಆಗುತ್ತದಾ ನೋಡಿ ಎಂದಿತು.

ಮನೆಯಲ್ಲೂ ಇದನ್ನೇ ಮಾಡಬಹುದು. ಕಷ್ಟ ಏನೆಂದರೆ ಇದಕ್ಕೆ ಸಮಯ ಬೇಕು. ನಾನು ಅರ್ಧ ನಿಮಿಷದಲ್ಲಿ ಹಾಕಿಬಿಡಬಹುದಾದ ಗುಂಡಿಗಳನ್ನು ಅಮ್ಮ ನಾಲ್ಕು ನಿಮಿಷ ಹಾಕುತ್ತಾಳೆ. ಆ ನಾಲ್ಕು ನಿಮಿಷ ಕೈಕಟ್ಟಿ ಕೂರುವುದು ನನ್ನ ಪಾಲಿನ ವ್ಯಾಯಾಮ.

ಎಲ್ಲರಿಗೂ ಎಲ್ಲ ಸಮಯದಲ್ಲೂ ಇದು ಸರಿ ಅಂತಲ್ಲ. ಮರೆವು ಹೆಚ್ಚಾದವರ ಕೈಗೆ ಒಲೆ, ಮಾತ್ರೆ, ಹಣದ ಹೊಣೆ ಬಿಟ್ಟು ಸುಮ್ಮನಿರಲಾಗುವುದಿಲ್ಲ. ಅವರಿಗೂ ಯಾವ ಬಟ್ಟೆ, ಎಷ್ಟು ಹೊತ್ತಿಗೆ ಸ್ನಾನ, ಯಾರ ಜೊತೆ ಮಾತು ಎಂಬ ಆಯ್ಕೆಗಳು ಉಳಿಯಬೇಕು. ಇನ್ನೊಂದು ಎಚ್ಚರಿಕೆ: ನಿನ್ನೆ ಸರಿಯಿದ್ದವರು ಇವತ್ತು ಏಳಲಾರದೆ ಹೋದರೆ, ಮಾತು ಗೊಂದಲವಾದರೆ, ಅದು ವಯಸ್ಸಲ್ಲ. ಮುಪ್ಪು ಒಂದು ರಾತ್ರಿಯಲ್ಲಿ ಬರುವುದಿಲ್ಲ. ಸೋಂಕು, ಪಾರ್ಶ್ವವಾಯು, ಔಷಧಿಯ ಅಡ್ಡಪರಿಣಾಮ ಯಾವುದೂ ಇರಬಹುದು. ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಉಳಿದಂತೆ, ಸಹಾಯ ಶುರುವಾಗಬೇಕಾದ್ದು ಕೇಳುವುದರಿಂದ. ಅಮ್ಮ ಲೈಬ್ರರಿಗೆ ಹೋಗುವುದನ್ನು ಬಿಟ್ಟಾಗ ಓದುವ ಆಸೆ ಹೋಯಿತು ಅಂತ ನಾವೆಲ್ಲ ತೀರ್ಮಾನ ಮಾಡಿದ್ದೆವು. ಟಿವಿ ಮುಂದೆ ಒಳ್ಳೆಯ ಕುರ್ಚಿಯೊಂದನ್ನು ಹಾಕಿಕೊಟ್ಟೆವು. ತಿಂಗಳುಗಳಾದ ಮೇಲೆ ಒಂದು ದಿನ "ದಾರೀಲಿ ಏನಾದರೂ ಕಷ್ಟ ಆಗ್ತಿತ್ತಾ?" ಅಂತ ಕೇಳಿದೆ.

"ಅರ್ಧ ದಾರೀಲಿ ಸೊಂಟ ಹಿಡಿಯುತ್ತೆ ಕಣೋ. ಕೂರಕ್ಕೆ ಒಂದು ಕಲ್ಲೂ ಇಲ್ಲ" ಅಂದಳು.

ಬಿಚ್ಚಿದರೆ ಪುಟ್ಟ ಸೀಟಾಗುವ ಊರುಗೋಲು ಸಿಗುತ್ತದೆ. ಅದನ್ನು ತಂದುಕೊಟ್ಟೆ. ಈಗ ವಾರಕ್ಕೆ ಎರಡು ಸಲ ಹೋಗುತ್ತಾಳೆ. ಪುಸ್ತಕದ ಚೀಲ ಹಿಡಿಯಲಾ ಅಂತ ಮೊದಲ ವಾರ ಕೇಳಿ ಬೈಸಿಕೊಂಡೆ.